ಬಯಲಿಗೆ ಮರಳಲಿ ಬೆಳ್ಳಿಪರದೆ

ಕಳೆದ ಚಳಿಗಾಲದ ಒಂದು ಸಂಜೆ ಮಗಳು ನನ್ನನ್ನೂ ಪತ್ನಿಯನ್ನೂ ಬೆಂಗಳೂರಿನ ಬಹುಮಹಡಿ ಕಟ್ಟಡವೊಂದರ ತಾರಸಿಗೆ ಸಿನಿಮಾ ನೋಡಲು ಕರೆದೊಯ್ದಳು. ಗಾಳಿ ತುಂಬಿ ನಿಲ್ಲಿಸಿದ ಪರದೆ, ಒರಗಿಕೊಳ್ಳಲು ದಿಂಬು, ಪ್ರತಿಯೊಬ್ಬರ ಕಿವಿಗೂ ಒಂದೊಂದು ಹೆಡ್‌ಫೋನ್. ಆ ಒಂದು ರಾತ್ರಿಗೆ ಚಿತ್ರಮಂದಿರವಾದ ತಾರಸಿ ಮರುದಿನ ಮತ್ತೆ ಬರಿಯ ತಾರಸಿ. ಟಿಕೆಟ್ ತಲಾ ಎಂಟು ನೂರು ರೂಪಾಯಿ. ಮಧ್ಯೆ ಒಮ್ಮೆ ಹೆಡ್‌ಫೋನ್ ತೆಗೆದು ನೋಡಿದೆ. ಚಿತ್ರದ ಸದ್ದಿಲ್ಲ, ಕತ್ತಲಲ್ಲಿ ನೂರು ಜನ ಬೇರೆ ಬೇರೆಯಾಗಿ ನಗುತ್ತಿದ್ದರು. ‘ಹೊಸ ಪ್ರಯೋಗ ಅಪ್ಪಾ, ಹೇಗಿದೆ?’ ಎಂದಳು ಮಗಳು.

ಪ್ರಯೋಗ ಹೊಸದೇನೂ ಅಲ್ಲ. ಭಾರತದಲ್ಲಿ ಸಿನಿಮಾ ಬೆಳೆದದ್ದೇ ಬಯಲಿನಲ್ಲಿ. ಜೆ.ಎಫ್. ಮದನ್ 1902ರಲ್ಲಿ ಕಲ್ಕತ್ತೆಯ ಮೈದಾನದಲ್ಲಿ ಡೇರೆ ಹಾಕಿ ಚಿತ್ರ ತೋರಿಸಿದರು. ತಿರುಚಿನಾಪಳ್ಳಿಯ ರೈಲ್ವೆ ನೌಕರ ಸಾಮಿಕಣ್ಣು ವಿನ್ಸೆಂಟ್ 1905ರಲ್ಲಿ ಫ್ರೆಂಚ್ ಪ್ರದರ್ಶಕನೊಬ್ಬನಿಂದ ಯಂತ್ರ ಕೊಂಡು ಊರೂರು ತಿರುಗಿದರು. ನಮ್ಮ ಪೀಳಿಗೆಯ ಕನ್ನಡಿಗರಿಗೆ ಇದೇ ಪರಂಪರೆ ಟೂರಿಂಗ್ ಟಾಕೀಸ್ ಎಂದು ಪರಿಚಿತ. ಘಂಟಸಾಲರ ಕಂಠದಲ್ಲಿ ತಿರುಪತಿ ತಿಮ್ಮಪ್ಪನ ಸ್ತುತಿ ಮೊಳಗಿದರೆ ಆಟ ಆರಂಭವಾಗಲಿದೆ ಎಂದು ಅರ್ಥ. ಪ್ರೊಜೆಕ್ಟರ್ ಒಂದೇ ಇದ್ದುದರಿಂದ ರೀಲು ಬದಲಿಸುವಾಗಲೆಲ್ಲ ವಿರಾಮ. ಕುರ್ಚಿ, ಬೆಂಚು, ನೆಲ ಎಂಬ ಮೂರು ದರ್ಜೆಗಳಿದ್ದರೂ ಶಬ್ದ ಮಾತ್ರ ಎಲ್ಲರಿಗೂ ಒಂದೇ ಆಗಿತ್ತು.

ಈ ಲೋಕದ ಅವಸಾನಕ್ಕೆ ದೂರದರ್ಶನವನ್ನೂ ವಿಡಿಯೊವನ್ನೂ ಕಾರಣವೆಂದು ಹೇಳುವುದು ವಾಡಿಕೆ. ಅದು ಬಹುಮಟ್ಟಿಗೆ ನಿಜ. ಆದರೆ ಸರ್ಕಾರಿ ಕಡತಗಳ ಪಾಲೂ ಇದೆ ಎಂಬುದನ್ನು ನಾನು ಒಪ್ಪಿಕೊಳ್ಳಲೇಬೇಕು.

1986ರಲ್ಲಿ ನಾನು ಉಪವಿಭಾಗಾಧಿಕಾರಿಯಾಗಿದ್ದೆ. ಹೋಬಳಿ ಕೇಂದ್ರವೊಂದರ ಟೂರಿಂಗ್ ಟಾಕೀಸಿನ ಪರವಾನಗಿ ನವೀಕರಣದ ಅರ್ಜಿ ವರದಿಗಾಗಿ ನನ್ನ ಬಳಿ ಬಂದಿತು. ಆರು ಕಿಲೋಮೀಟರ್ ದೂರದ ತಾಲ್ಲೂಕು ಪಟ್ಟಣದ ಖಾಯಂ ಚಿತ್ರಮಂದಿರದ ಮಾಲೀಕರು ತಕರಾರು ಸಲ್ಲಿಸಿದ್ದರು. ತಮ್ಮ ವ್ಯಾಪಾರಕ್ಕೆ ಧಕ್ಕೆಯಾಗುತ್ತಿದೆ ಎಂಬುದೇ ಅದರ ಸಾರಾಂಶ. ಸ್ಪರ್ಧಿಯ ವ್ಯಾಪಾರ ನಷ್ಟ ಕಾನೂನಿನ ದೃಷ್ಟಿಯಲ್ಲಿ ಹಕ್ಕಿನ ಉಲ್ಲಂಘನೆಯಲ್ಲವೆಂದು ಸುಪ್ರೀಂ ಕೋರ್ಟ್ ಗುಜರಾತಿನ ಚಿತ್ರಮಂದಿರವೊಂದರ ಮೊಕದ್ದಮೆಯಲ್ಲಿ ಎಪ್ಪತ್ತರ ದಶಕದಲ್ಲಿಯೇ ಹೇಳಿದ್ದುದು ಆಗ ನನಗೆ ತಿಳಿದಿರಲಿಲ್ಲ.

ಮನಸ್ಸಿನಲ್ಲಿ ಇನ್ನೊಂದು ಭಯವೂ ಇತ್ತು. 1981ರ ಫೆಬ್ರುವರಿಯಲ್ಲಿ ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನ, ಅವರಲ್ಲಿ ಬಹುಪಾಲು ಮಕ್ಕಳು, ಸತ್ತಿದ್ದರು. ಆ ನಂತರ ಡೇರೆ ಎಂಬ ಶಬ್ದವೇ ಅಧಿಕಾರಿಗಳನ್ನು ಬೆಚ್ಚಿಬೀಳಿಸುತ್ತಿತ್ತು. ಆದರೂ ನಾನು ಸ್ಥಳ ಪರಿಶೀಲಿಸಿ ಸುರಕ್ಷತೆಯ ಷರತ್ತುಗಳನ್ನು ವಿಧಿಸಬಹುದಿತ್ತು. ಅದರ ಬದಲು, ‘ಸಮೀಪದಲ್ಲಿ ಖಾಯಂ ಚಿತ್ರಮಂದಿರವಿರುವುದರಿಂದ ನವೀಕರಣದ ಅಗತ್ಯ ಕಂಡುಬರುವುದಿಲ್ಲ’ ಎಂದು ಒಂದು ಸಾಲು ಬರೆದೆ. ಪರವಾನಗಿ ನವೀಕರಣವಾಗಲಿಲ್ಲ. ಕೆಲವು ತಿಂಗಳ ತರುವಾಯ ಅದೇ ಊರಿಗೆ ಪಡಿತರ ಅಂಗಡಿಯ ತಪಾಸಣೆಗೆ ಹೋದಾಗ ಹೆಂಗಸೊಬ್ಬರು, ‘ಸ್ವಾಮಿ, ಟೆಂಟ್ ಯಾಕೆ ತೆಗೆಸಿದ್ರಿ? ಪೇಟೆಯಲ್ಲಿ ಆಟ ಬಿಡೋ ಹೊತ್ತಿಗೆ ಬಸ್ಸಿರೋದಿಲ್ಲ’ ಎಂದರು. ಆರು ಕಿಲೋಮೀಟರ್ ನನಗೆ ಸಮೀಪ, ಕೂಲಿ ಮುಗಿಸಿ ಬಂದ ಹೆಣ್ಣುಮಕ್ಕಳಿಗೆ ದೂರ. ಅರ್ಥಶಾಸ್ತ್ರದ ಸ್ನಾತಕೋತ್ತರ ಪದವೀಧರನಾದ ನನಗೆ ಅಷ್ಟು ಸರಳ ಸತ್ಯ ಹೊಳೆದಿರಲಿಲ್ಲ.

ಆ ಶಾಸ್ತ್ರದ ಭಾಷೆಯಲ್ಲಿಯೇ ಹೇಳುವುದಾದರೆ, ಬಯಲಿನಲ್ಲಿ ಕಟ್ಟಿದ ಪರದೆ ಸಾರ್ವಜನಿಕ ಸರಕಿಗೆ ಬಹಳ ಹತ್ತಿರದ್ದು. ನೂರು ಜನ ನೋಡುತ್ತಿರುವಲ್ಲಿ ನೂರಾ ಒಂದನೆಯವರು ಬಂದು ಕುಳಿತರೆ ವೆಚ್ಚ ಹೆಚ್ಚುವುದಿಲ್ಲ, ಉಳಿದವರ ಪಾಲು ತಗ್ಗುವುದಿಲ್ಲ. ಇಂಥದ್ದನ್ನು ಸಂಪೂರ್ಣವಾಗಿ ಮಾರುಕಟ್ಟೆಗೆ ಬಿಟ್ಟರೆ ಅದು ಬೇಲಿ ಹಾಕಬಹುದಾದ ತಾರಸಿಯನ್ನೇ ಹುಡುಕುತ್ತದೆ. ಖಾಸಗಿ ಉದ್ಯಮದ ಬಗ್ಗೆ ನನಗೆ ಅಸಮಾಧಾನವಿಲ್ಲ. 2021ರಲ್ಲಿ ಗಾಳಿ ತುಂಬಿದ ಸಂಚಾರಿ ಚಿತ್ರಮಂದಿರವೊಂದು ಹನ್ನೊಂದು ಸಾವಿರ ಅಡಿಗೂ ಎತ್ತರದ ಲೇಹ್‌ಗೆ ತಲುಪಿದ್ದು ಉದ್ಯಮಶೀಲತೆಯಿಂದಲೇ. ಆದರೆ ಹೋಬಳಿಯ ಬಯಲನ್ನು ತಲುಪಲು ಅದೊಂದೇ ಸಾಲದು.

ಬೇರೆ ದಾರಿಗಳಿವೆ. ಇಟಲಿಯ ಬೊಲೋನ್ಯಾ ನಗರದ ಮುಖ್ಯ ಚೌಕದಲ್ಲಿ ಅಲ್ಲಿನ ಚಿತ್ರ ಸಂಗ್ರಹಾಲಯ ಪ್ರತಿ ಬೇಸಿಗೆಯಲ್ಲಿ ಹಳೆಯ, ಹೊಸ ಚಿತ್ರಗಳನ್ನು ಉಚಿತವಾಗಿ ತೋರಿಸುತ್ತದೆ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕೆ.ವಿ. ಸುಬ್ಬಣ್ಣನವರ ಹೆಗ್ಗೋಡಿನಲ್ಲಿ ನೀನಾಸಂ ಎಪ್ಪತ್ತರ ದಶಕದಲ್ಲಿಯೇ ಚಿತ್ರಸಮಾಜ ಕಟ್ಟಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಅಡಿಕೆ ತೋಟದ ಜನರಿಗೆ ತೋರಿಸಿತು. ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಗೆಳೆಯರ ಒಡೆಸ್ಸಾ ಬಳಗ ಜನರಿಂದ ಚಂದಾ ಎತ್ತಿ 1986ರಲ್ಲಿ ‘ಅಮ್ಮ ಅರಿಯಾನ್’ ಚಿತ್ರ ನಿರ್ಮಿಸಿ, ಊರೂರಿಗೆ ಒಯ್ದು ಪ್ರದರ್ಶಿಸಿತು. ನಾನು ಡೇರೆಯೊಂದನ್ನು ಮುಚ್ಚಿಸಿದ ವರ್ಷವೂ ಅದೇ.

ಇಂದು ತಂತ್ರಜ್ಞಾನ ಅಡ್ಡಿಯಲ್ಲ. ಒಂದು ಡಿಜಿಟಲ್ ಪ್ರೊಜೆಕ್ಟರ್, ಒಂದು ಬಟ್ಟೆ, ಎರಡು ಧ್ವನಿಪೆಟ್ಟಿಗೆಗಳನ್ನು ಆಟೊದಲ್ಲಿ ಸಾಗಿಸಬಹುದು. ಅಡ್ಡಿಯಿರುವುದು ಅನುಮತಿಯಲ್ಲಿ. ಖಾಯಂ ಕಟ್ಟಡವನ್ನೂ ಸಂಚಾರಿ ಡೇರೆಯನ್ನೂ ಗಮನದಲ್ಲಿಟ್ಟು ರೂಪಿಸಿದ 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಒಂದು ಸಂಜೆಯ ಪರದೆಯ ಕಲ್ಪನೆಯಿರಲಿಲ್ಲ. ಶಾಲಾ ಮೈದಾನ, ಕೆರೆಯಂಗಳ, ಸಂತೆಮಾಳಗಳಲ್ಲಿ ಒಂದು ದಿನದ ಪ್ರದರ್ಶನಕ್ಕೆ ಗ್ರಾಮ ಪಂಚಾಯಿತಿ ಅಥವಾ ನಗರದ ವಾರ್ಡ್ ಕಚೇರಿಯೇ ವಾರದೊಳಗೆ ಅನುಮತಿ ನೀಡುವಂತೆ ನಿಯಮ ಬದಲಾಗಲಿ. ವಿದ್ಯುತ್ ಸುರಕ್ಷತೆ, ಬೆಂಕಿ ನಂದಿಸುವ ಉಪಕರಣ, ತೆರೆದ ನಿರ್ಗಮನ ದಾರಿ ಇವು ಕಡ್ಡಾಯವಾಗಲಿ. ರಾತ್ರಿ ಹತ್ತರ ನಂತರ ಧ್ವನಿವರ್ಧಕ ಬೇಡವೆಂಬ 2000ದ ಶಬ್ದಮಾಲಿನ್ಯ ನಿಯಮವನ್ನು ಪಾಲಿಸಲು ಆಟವನ್ನು ಏಳಕ್ಕೆ ಆರಂಭಿಸಿದರಾಯಿತು.

ಚಿತ್ರಗಳು ಎಲ್ಲಿಂದ ಬರಬೇಕು? ದಶಕಗಳಿಂದ ನಮ್ಮ ಸರ್ಕಾರ ಕನ್ನಡ ಚಿತ್ರಗಳಿಗೆ ಸಹಾಯಧನ ಕೊಡುತ್ತ ಬಂದಿದೆ. ಅವುಗಳಲ್ಲಿ ಅನೇಕವು ಚಿತ್ರಮಂದಿರದ ಮುಖವನ್ನೇ ಕಾಣಲಿಲ್ಲ; ಕಂಡವೂ ವಾರದಲ್ಲಿ ಮರೆಯಾದವು. ತೆರಿಗೆದಾರನ ಹಣ ಪಡೆದ ಚಿತ್ರವನ್ನು ತೆರಿಗೆದಾರ ನೋಡಲಾಗದಿರುವುದು ಯಾವ ನ್ಯಾಯ? ಬಿಡುಗಡೆಯಾಗಿ ಎರಡು ವರ್ಷ ಕಳೆದ ನಂತರ ಲಾಭರಹಿತ ಬಯಲು ಪ್ರದರ್ಶನಕ್ಕೆ ಹಕ್ಕು ಬಿಟ್ಟುಕೊಡಬೇಕೆಂಬ ಷರತ್ತನ್ನು ಮುಂದಿನ ಸಹಾಯಧನಗಳಿಗೆ ಸೇರಿಸಿದರೆ ಬೊಕ್ಕಸಕ್ಕೆ ಹೊರೆಯಾಗದು, ಒಳ್ಳೆಯ ಚಿತ್ರಗಳಿಗೆ ಪ್ರೇಕ್ಷಕರೂ ದೊರೆತಾರು.

ಕೈಯಲ್ಲಿ ಮೊಬೈಲ್ ಇರುವಾಗ ಬಯಲೇಕೆ ಎಂದು ಕೇಳುವವರಿದ್ದಾರೆ. ಮೊಬೈಲ್ ಸಿನಿಮಾ ತೋರಿಸುತ್ತದೆ, ಪಕ್ಕದವರನ್ನು ತೋರಿಸುವುದಿಲ್ಲ. ಜಾತಿ, ಪಕ್ಷ, ಆಸ್ತಿಗಳ ಗೆರೆಗಳಿಂದ ಹೋಳಾದ ಊರು ಎರಡೂವರೆ ಗಂಟೆ ಒಂದೇ ದಿಕ್ಕಿಗೆ ಮುಖ ಮಾಡಿ ಕುಳಿತು ಒಟ್ಟಿಗೆ ನಗುವುದು ಸಣ್ಣ ಸಂಗತಿಯಲ್ಲ.

ಕಳೆದ ವರ್ಷ ಆ ಕಡೆ ಹೋಗಿದ್ದೆ. ತಾಲ್ಲೂಕು ಪಟ್ಟಣದ ಚಿತ್ರಮಂದಿರ ಈಗ ಕಲ್ಯಾಣ ಮಂಟಪವಾಗಿದೆ. ಹೋಬಳಿಯಲ್ಲಿ ಡೇರೆಯಿದ್ದ ಬಯಲು ಮಾತ್ರ ಇನ್ನೂ ಹಾಗೆಯೇ ಇದೆ. ಅಲ್ಲಿ ಪರದೆ ಕಟ್ಟಲು ನಾಳೆ ಯಾರಾದರೂ ಅರ್ಜಿ ಹಾಕಿದರೆ, ‘ಅಗತ್ಯ ಕಂಡುಬರುವುದಿಲ್ಲ’ ಎಂದು ಬರೆಯುವ ಮುನ್ನ ಅಧಿಕಾರಿ ಒಮ್ಮೆ ಆ ಊರಿಗೆ ಹೋಗಿಬರಲಿ.