ಹಳದಿ ಎಲೆ ರೋಗ ಮತ್ತು ಪರ್ಯಾಯ ಬೆಳೆ: ಮಲೆನಾಡಿನ ಮೂರು ತಾಲ್ಲೂಕುಗಳಲ್ಲಿ ಸಂಶೋಧನಾ ಅನುದಾನದ ಪ್ರಶ್ನೆ

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಅಡಿಕೆ ತೋಟವು ಕುಟುಂಬದ ಆಸ್ತಿಯೂ ಹೌದು, ಸಾಲಕ್ಕೆ ಆಧಾರವೂ ಹೌದು, ಮಕ್ಕಳ ಶಿಕ್ಷಣಕ್ಕೆ ನೆಲೆಯೂ ಹೌದು. ದಶಕಗಳಿಂದ ಈ ಭಾಗದ ತೋಟಗಳನ್ನು ಹಳದಿ ಎಲೆ ರೋಗವು ಕ್ರಮೇಣ ಬರಿದುಮಾಡುತ್ತ ಬಂದಿದೆ. 2021-22ನೆಯ ಸಾಲಿನ ರಾಜ್ಯ ಮುಂಗಡಪತ್ರದಲ್ಲಿ ಈ ರೋಗದ ಸಂಶೋಧನೆಗೂ ಪರ್ಯಾಯ ಬೆಳೆಗಳ ಪ್ರೋತ್ಸಾಹಕ್ಕೂ ಸೇರಿ 25 ಕೋಟಿ ರೂಪಾಯಿಗಳ ಅನುದಾನವನ್ನು ಘೋಷಿಸಲಾಯಿತು. ರೋಗಕ್ಕೆ ಮದ್ದು ಹುಡುಕುವುದು ಮತ್ತು ಅಡಿಕೆಯ ಬದಲಿಗೆ ಬೇರೊಂದು ಬೆಳೆಯನ್ನು ಹುಡುಕುವುದು ಎಂಬ ಎರಡು ಭಿನ್ನ ಕಾರ್ಯಗಳು ಇಲ್ಲಿ ಒಂದೇ ಶೀರ್ಷಿಕೆಯಡಿ ಬಂದಿವೆ. ಇವೆರಡರ ಸ್ವರೂಪವನ್ನೂ ಅವುಗಳಿಗೆ ಬೇಕಾಗುವ ಕಾಲಾವಧಿಯನ್ನೂ ಅರಿಯದೆ ಇಂತಹ ಅನುದಾನದ ಮೌಲ್ಯವನ್ನು ನಿರ್ಧರಿಸುವುದು ಕಷ್ಟ.

ಕೇರಳದಲ್ಲಿ ಈ ರೋಗವು 1914ರಷ್ಟು ಹಿಂದೆಯೇ ದಾಖಲಾಗಿತ್ತು. ಇದಕ್ಕೆ ಕಾರಣವಾದ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯು ಮರದ ಆಹಾರವಾಹಕ ನಾಳಗಳಲ್ಲಿ ನೆಲೆಸುತ್ತದೆ. ರಸ ಹೀರುವ ಒಂದು ಬಗೆಯ ಜಿಗಿಹುಳು ಇದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ಮೊದಲು ಹೊರಸುತ್ತಿನ ಸೋಗೆಗಳ ತುದಿ ಹಳದಿಯಾಗುತ್ತದೆ. ಬಳಿಕ ಬೇರಿನ ತುದಿಗಳು ಕೊಳೆಯುತ್ತವೆ, ಎಳೆಕಾಯಿಗಳು ಉದುರುತ್ತವೆ, ಉಳಿದ ಕಾಯಿಯ ತಿರುಳು ಮೆತ್ತಗಾಗಿ ಕಪ್ಪುಗಟ್ಟಿ ಮಾರಾಟಕ್ಕೆ ಬಾರದಂತಾಗುತ್ತದೆ. ರೋಗ ತಗುಲಿದ ಮರವನ್ನು ಗುಣಪಡಿಸುವ ಔಷಧಿ ಇಲ್ಲ. ಆದರೂ ಮರವು ಒಮ್ಮೆಲೇ ಸಾಯುವುದಿಲ್ಲ. ವರ್ಷದಿಂದ ವರ್ಷಕ್ಕೆ ಇಳುವರಿ ಕುಗ್ಗುತ್ತ ಹೋಗುತ್ತದೆ. ಹೀಗಾಗಿ ಕಡಿಯಬೇಕೋ ಉಳಿಸಬೇಕೋ ಎಂಬ ಸಂದಿಗ್ಧದಲ್ಲಿಯೇ ಕೃಷಿಕನ ಅನೇಕ ವರ್ಷಗಳು ಕಳೆದುಹೋಗುತ್ತವೆ. ಕಡಿದ ಜಾಗದಲ್ಲಿ ಅಡಿಕೆಯನ್ನೇ ಮತ್ತೆ ನೆಟ್ಟರೆ ಎಳೆಯ ಗಿಡಗಳಿಗೂ ರೋಗ ತಗುಲುವ ಭಯವಿದೆ.

ಪರ್ಯಾಯ ಬೆಳೆಯ ಪ್ರಶ್ನೆ ಉದ್ಭವಿಸುವುದು ಇಲ್ಲಿಯೇ. ಕಾಳುಮೆಣಸು, ಕಾಫಿ, ಏಲಕ್ಕಿ, ಬಾಳೆ, ಕೋಕೋ, ಜಾಯಿಕಾಯಿ ಮುಂತಾದ ಹೆಸರುಗಳನ್ನು ಪಟ್ಟಿಮಾಡುವುದು ಸುಲಭ. ಆದರೆ ಮೆಣಸಿನ ಬಳ್ಳಿಗೆ ಅಡಿಕೆ ಮರವೇ ಆಸರೆ. ಏಲಕ್ಕಿ, ಕೋಕೋಗಳಿಗೆ ಅದರ ನೆರಳೇ ಆಶ್ರಯ. ಅಡಿಕೆಯೊಡನೆ ಬೆಳೆಯುವ ಉಪಬೆಳೆಗಳು ಅಡಿಕೆ ಅಳಿದ ಮೇಲೆ ತಾವಾಗಿಯೇ ಅದರ ಸ್ಥಾನವನ್ನು ತುಂಬಲಾರವು. ಮೇಲಾಗಿ ಇಲ್ಲಿನ ತೋಟಗಳು ಹೆಚ್ಚಾಗಿ ಗುಡ್ಡಗಳ ನಡುವಣ ತಗ್ಗಿನಲ್ಲಿವೆ. ಮಳೆಗಾಲದಲ್ಲಿ ನೀರು ನಿಲ್ಲುವ ಈ ನೆಲದಲ್ಲಿ ಬಸಿಗಾಲುವೆ ಸರಿಯಿಲ್ಲದಿದ್ದರೆ ಕಾಫಿಯ ಬೇರು ಉಳಿಯದು. ಮಂಗಗಳ ಹಾವಳಿಯು ಬಾಳೆ ಮತ್ತು ಕೋಕೋ ಬೆಳೆಗಳ ಲೆಕ್ಕಾಚಾರವನ್ನೇ ತಲೆಕೆಳಗು ಮಾಡಬಲ್ಲದು. ಆದ್ದರಿಂದ ಪರ್ಯಾಯ ಬೆಳೆಯ ಸಂಶೋಧನೆಯು ರೋಗಪೀಡಿತ ತೋಟದ ನೆಲದಲ್ಲಿಯೇ, ಹಲವು ಮಳೆಗಾಲಗಳ ಉದ್ದಕ್ಕೂ ನಡೆಯಬೇಕಾದ ಕಾರ್ಯವಾಗಿದೆ.

ಸರ್ಕಾರದ ಹಣದಿಂದ ನಡೆದ ಬೆಳೆ ಸಂಶೋಧನೆಯ ಉತ್ತಮ ನಿದರ್ಶನವೊಂದು ಇದೇ ಪ್ರದೇಶದಲ್ಲಿದೆ. ಮೈಸೂರು ಸರ್ಕಾರವು 1925ರಲ್ಲಿ ಅಂದಿನ ಕೊಪ್ಪ ತಾಲ್ಲೂಕಿನ, ಇಂದು ನರಸಿಂಹರಾಜಪುರ ತಾಲ್ಲೂಕಿಗೆ ಸೇರಿರುವ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರವನ್ನು ಸ್ಥಾಪಿಸಿತು. ಆಗ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದವರು ಲೆಸ್ಲಿ ಕೋಲ್‌ಮನ್. ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದ, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದ ವಿಜ್ಞಾನಿಯೂ ಅವರೇ. ಎಲೆ ತುಕ್ಕು ರೋಗವನ್ನು ತಾಳಿಕೊಳ್ಳುವ ಕಾಫಿ ತಳಿಯನ್ನು ಪಡೆಯುವುದು ಈ ಕೇಂದ್ರದ ಮುಖ್ಯ ಕಾರ್ಯಗಳಲ್ಲಿ ಒಂದಾಗಿತ್ತು. ಪ್ರಸಿದ್ಧವಾದ ಎಸ್. 795 ತಳಿಯು ಬೆಳೆಗಾರರ ಕೈ ಸೇರಿದ್ದು 1940ರ ದಶಕದ ಮಧ್ಯಭಾಗದಲ್ಲಿ, ಎಂದರೆ ಸುಮಾರು ಎರಡು ದಶಕಗಳ ತರುವಾಯ. ಈ ನಡುವೆ, 1944ರಲ್ಲಿ, ಕೇಂದ್ರವು ಕಾಫಿ ಮಂಡಳಿಯ ಆಡಳಿತಕ್ಕೆ ಸೇರಿತು. ಒಡೆತನ ಬದಲಾದರೂ ಕೆಲಸ ನಿಲ್ಲಲಿಲ್ಲ. ಬಹುವಾರ್ಷಿಕ ಬೆಳೆಯ ಸಂಶೋಧನೆಗೆ ಮೊತ್ತದಷ್ಟೇ ಅದರ ನಿರಂತರತೆಯೂ ಮುಖ್ಯವೆಂಬುದಕ್ಕೆ ಇದು ಸಾಕ್ಷಿ.

ಅಡಿಕೆಗೂ ಈ ಮಾತು ಅನ್ವಯಿಸುತ್ತದೆ. ರೋಗ ತೀವ್ರವಾಗಿರುವ ತೋಟಗಳಲ್ಲಿಯೂ ಆರೋಗ್ಯದಿಂದ ಉಳಿದ ಮರಗಳನ್ನು ಗುರುತಿಸಿ, ಅವುಗಳಿಂದ ಸಸಿಗಳನ್ನು ವೃದ್ಧಿಪಡಿಸುವುದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅನುಸರಿಸಿದ ಮಾರ್ಗ. ಸಿಂಗಾರದ ಎಳೆಯ ಭಾಗದಿಂದ ಅಂಗಾಂಶ ಕೃಷಿಯ ಮೂಲಕ ಸಸಿ ಪಡೆಯುವ ವಿಧಾನವನ್ನೂ ಅಲ್ಲಿ ರೂಪಿಸಲಾಗಿದೆ. ಆದರೆ ಅಡಿಕೆ ಸಸಿ ಫಲ ಕೊಡಲು ಐದಾರು ವರ್ಷಗಳು ಬೇಕು. ಅದರ ನಿರೋಧಕ ಗುಣವನ್ನು ದೃಢಪಡಿಸಲು ಇನ್ನೂ ಹೆಚ್ಚು ಕಾಲ ಬೇಕು. ಒಂದು ಆರ್ಥಿಕ ವರ್ಷದ ಮಿತಿಯಲ್ಲಿ ಈ ಕಾರ್ಯ ಮುಗಿಯುವಂತಹುದಲ್ಲ.

ಬೆಳೆದ ಬೆಳೆಗೆ ಮಾರುಕಟ್ಟೆಯೂ ಬೇಕು. ಅಡಿಕೆ ತೋಟಗಳಲ್ಲಿ ಉಪಬೆಳೆಯಾಗಿ ಹರಡಿದ್ದ ಕೋಕೋ 1980ರ ಆಸುಪಾಸಿನಲ್ಲಿ ಕೊಳ್ಳುವವರಿಲ್ಲದೆ ಬೆಲೆ ಕಳೆದುಕೊಂಡಾಗ, 1973ರಲ್ಲಿ ಸ್ಥಾಪನೆಯಾಗಿದ್ದ ಕ್ಯಾಂಪ್ಕೊ ಸಹಕಾರ ಸಂಸ್ಥೆಯು ಖರೀದಿಗೆ ಮುಂದಾಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೂ ತೆರೆಯಿತು. ಕೃಷಿಕನಿಗೆ ಹೊಸ ಬೆಳೆಯಲ್ಲಿ ವಿಶ್ವಾಸ ಮೂಡಬೇಕಾದರೆ ಸಸಿಯ ಜೊತೆಗೆ ಇಂತಹ ಖರೀದಿಯ ಭರವಸೆಯೂ ಇರಬೇಕು.

ಈ ಹಿನ್ನೆಲೆಯಲ್ಲಿ ಸಂಶೋಧನಾನುದಾನವು ಮೂರು ಅಂಶಗಳನ್ನು ಒಳಗೊಳ್ಳುವುದು ಅಗತ್ಯ: ರೋಗ ಮತ್ತು ತಳಿಗಳ ಅಧ್ಯಯನಕ್ಕೆ ಪ್ರತಿವರ್ಷ ತಪ್ಪದೆ ದೊರೆಯುವ ಹಣ, ಮೂರೂ ತಾಲ್ಲೂಕುಗಳಲ್ಲಿ ಕೃಷಿಕರ ತೋಟಗಳಲ್ಲಿಯೇ ನಡೆಯುವ ಪರ್ಯಾಯ ಬೆಳೆಗಳ ಪರೀಕ್ಷೆ, ಹೊಸ ಬೆಳೆ ಫಲ ಕೊಡುವವರೆಗಿನ ಬರಿದು ವರ್ಷಗಳಲ್ಲಿ ಆ ಕೃಷಿಕರಿಗೆ ಜೀವನಾಧಾರ. ಮೂರನೆಯ ಅಂಶವನ್ನು ಸಂಶೋಧನೆಯ ಹೊರಗಿನ ವೆಚ್ಚವೆಂದು ಬದಿಗಿಡಲಾಗದು. ಆ ವರ್ಷಗಳನ್ನು ದಾಟಲಾರದೆ ಸಣ್ಣ ಹಿಡುವಳಿದಾರನು ತೋಟವನ್ನು ಮಾರಿ ಹೊರಟರೆ, ಮುಂದೆ ದೊರೆಯುವ ಉತ್ತಮ ತಳಿಯನ್ನು ನೆಡಲು ಆ ನೆಲದಲ್ಲಿ ಅವನೇ ಇರುವುದಿಲ್ಲ.