ಎಂಜಿನ್ ಇಳಿಸದೆ ಕ್ರಾಂಕ್‌ಶಾಫ್ಟ್ ಬೇರಿಂಗ್ ಬದಲಾವಣೆ

ಹಳ್ಳಿಗಾಡಿನಲ್ಲಿ ಹಳೆಯ ಜೀಪು, ಅಂಬಾಸಡರ್ ಕಾರುಗಳು ಇಂದಿಗೂ ದುಡಿಯುತ್ತಿವೆ. ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಆದರೂ ಗೊಬ್ಬರದ ಚೀಲ, ತರಕಾರಿ ಬುಟ್ಟಿ, ಹಾಲಿನ ಕ್ಯಾನು ಹೊತ್ತು ಮಣ್ಣಿನ ರಸ್ತೆಯಲ್ಲಿ ಓಡುವ ಇಂಥ ವಾಹನಗಳನ್ನು ಅನೇಕ ರೈತರು ಉಳಿಸಿಕೊಂಡಿದ್ದಾರೆ. ಇವುಗಳ ಎಂಜಿನಿನಲ್ಲಿ ಬೇರಿಂಗ್ ಸವೆದು ಸದ್ದು ಬರತೊಡಗಿದಾಗ ‘ಎಂಜಿನ್ ಕೆಳಗಿಳಿಸಬೇಕು’ ಎಂಬ ಮಾತು ಕೇಳಿಯೇ ಮಾಲೀಕರು ಎದೆಗುಂದುತ್ತಾರೆ. ಕೆಲವರು ಸದ್ದನ್ನು ಕೇಳಿಯೂ ಕೇಳದಂತೆ ಓಡಿಸಿ, ಕೊನೆಗೆ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕನ್ನೇ ಒಡೆದುಕೊಳ್ಳುತ್ತಾರೆ.

ಸಕಾಲದಲ್ಲಿ ಗಮನಿಸಿದರೆ, ಹಲವು ವಾಹನಗಳಲ್ಲಿ ಎಂಜಿನನ್ನು ಇಳಿಸದೆ, ಕೆಳಗಿನಿಂದ ಆಯಿಲ್ ಚೇಂಬರ್ ಮಾತ್ರ ಬಿಚ್ಚಿ ಬೇರಿಂಗುಗಳನ್ನು ಬದಲಾಯಿಸಬಹುದು. ಆದರೆ ಈ ವಿಧಾನ ಎಲ್ಲ ಎಂಜಿನುಗಳಿಗೂ ಹೊಂದುವುದಿಲ್ಲ. ಯಾವಾಗ ಮಾಡಬಹುದು, ಯಾವಾಗ ಮಾಡಬಾರದು ಎಂಬ ತಿಳಿವಳಿಕೆಯೇ ಇಲ್ಲಿ ಹಣ ಉಳಿಸುತ್ತದೆ.

ಬೇರಿಂಗ್ ಕೆಲಸ ಮಾಡುವ ಬಗೆ

ಕ್ರಾಂಕ್‌ಶಾಫ್ಟ್ ಎಂಜಿನಿನ ಬ್ಲಾಕಿನಲ್ಲಿ ಮೇನ್ ಬೇರಿಂಗುಗಳ ಮೇಲೆ ತಿರುಗುತ್ತದೆ. ಪಿಸ್ಟನ್ನಿನಿಂದ ಬರುವ ಕನೆಕ್ಟಿಂಗ್ ರಾಡುಗಳು ಬಿಗ್ ಎಂಡ್ ಬೇರಿಂಗುಗಳ ಮೂಲಕ ಅದನ್ನು ಹಿಡಿದಿರುತ್ತವೆ. ಅಂಬಾಸಡರಿನ 1489 ಸಿ.ಸಿ. ಪೆಟ್ರೋಲ್ ಎಂಜಿನಿನಲ್ಲಿ ಮೂರು ಮೇನ್ ಬೇರಿಂಗುಗಳೂ ನಾಲ್ಕು ಬಿಗ್ ಎಂಡ್ ಬೇರಿಂಗುಗಳೂ ಇವೆ. ಹಳೆಯ ವಿಲ್ಲಿಸ್ ಮಾದರಿಯ ಜೀಪಿನ ನಾಲ್ಕು ಸಿಲಿಂಡರಿನ ಎಂಜಿನಿನಲ್ಲಿಯೂ ಮೇನ್ ಬೇರಿಂಗುಗಳು ಮೂರೇ.

ಪ್ರತಿ ಬೇರಿಂಗಿನಲ್ಲಿ ಅರ್ಧ ಬಳೆಯಾಕಾರದ ಎರಡು ಶೆಲ್ಲುಗಳಿರುತ್ತವೆ. ಉಕ್ಕಿನ ತಗಡಿನ ಒಳಮೈಗೆ ಮೆದು ಲೋಹದ ತೆಳುವಾದ ಪದರ ಹಚ್ಚಿರುತ್ತದೆ. ಶಾಫ್ಟಿಗೂ ಈ ಪದರಕ್ಕೂ ನಡುವೆ ಕೂದಲೆಳೆಗಿಂತ ಕಡಿಮೆ ಸಂದು ಇರುತ್ತದೆ. ಶಾಫ್ಟಿನ ಅಡ್ಡಳತೆಯ ಪ್ರತಿ ಇಂಚಿಗೆ ಇಂಚಿನ ಸಾವಿರದಲ್ಲೊಂದು ಭಾಗ ಎಂಬುದು ಸ್ಥೂಲ ಲೆಕ್ಕ. ಎರಡು ಇಂಚಿನ ಜರ್ನಲಿಗೆ ಇದು ಸುಮಾರು 0.05 ಮಿ.ಮೀ. ಆಗುತ್ತದೆ. ಪಂಪಿನಿಂದ ಒತ್ತಡದಲ್ಲಿ ಬರುವ ಎಣ್ಣೆ ಈ ಸಂದಿನಲ್ಲಿ ತುಂಬಿ, ತಿರುಗುವ ಶಾಫ್ಟನ್ನು ಎತ್ತಿ ಹಿಡಿಯುತ್ತದೆ. ಎಣ್ಣೆ ಇರುವಷ್ಟು ಕಾಲ ಲೋಹಕ್ಕೆ ಲೋಹ ತಾಗುವುದಿಲ್ಲ. ಸಂದು ಹೆಚ್ಚಾದರೆ ಎಣ್ಣೆ ಪಕ್ಕದಿಂದ ಸೋರಿಹೋಗಿ ಒತ್ತಡ ಇಳಿಯುತ್ತದೆ, ಬಡಿತ ಆರಂಭವಾಗುತ್ತದೆ.

ದೋಷವನ್ನು ಗುರುತಿಸುವುದು

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನಿಧಾನ ಓಟದಲ್ಲಿ ಎಣ್ಣೆಯ ಒತ್ತಡ ಇಳಿಯುವುದು ಮೊದಲ ಸೂಚನೆ. ಪ್ರತಿ 1000 ಸುತ್ತಿಗೆ ಚದರ ಇಂಚಿಗೆ 10 ಪೌಂಡಿನಷ್ಟಾದರೂ ಒತ್ತಡ ಇರಬೇಕೆಂಬುದು ಸಾಮಾನ್ಯ ಲೆಕ್ಕ. ವಾಹನದ ಮೀಟರನ್ನೇ ನಂಬದೆ ಬೇರೊಂದು ಗೇಜನ್ನು ಜೋಡಿಸಿ ನೋಡುವುದು ಲೇಸು.

ಮೇನ್ ಬೇರಿಂಗ್ ಸವೆದಿದ್ದರೆ ಏರು ಹತ್ತುವಾಗ, ಭಾರ ಎಳೆಯುವಾಗ ಎಂಜಿನಿನ ಆಳದಿಂದ ‘ಧಡ್ ಧಡ್’ ಎಂಬ ಭಾರವಾದ ಸದ್ದು ಬರುತ್ತದೆ. ಬಿಗ್ ಎಂಡಿನ ಸದ್ದು ಇದಕ್ಕಿಂತ ಚುರುಕು. ಮಧ್ಯಮ ವೇಗದಲ್ಲಿ ಆಕ್ಸಿಲರೇಟರನ್ನು ಬಿಟ್ಟೊಡನೆ ಹೆಚ್ಚು ಕೇಳಿಸುತ್ತದೆ. ಪೆಟ್ರೋಲ್ ಎಂಜಿನಿನಲ್ಲಿ ಒಂದೊಂದೇ ಪ್ಲಗ್ಗಿನ ವೈರನ್ನು ತೆಗೆದು ನೋಡಬೇಕು. ಯಾವ ಸಿಲಿಂಡರನ್ನು ನಿಲ್ಲಿಸಿದಾಗ ಸದ್ದು ತಗ್ಗುವುದೋ ಆ ಬಿಗ್ ಎಂಡ್ ಸವೆದಿರುವ ಸಂಭವ ಹೆಚ್ಚು. ಡೀಸೆಲ್ ಎಂಜಿನಿನಲ್ಲಿ ಇಂಜೆಕ್ಟರ್ ಪೈಪಿನ ನಟ್ಟನ್ನು ಬಟ್ಟೆ ಮುಚ್ಚಿ ಸಡಿಲಿಸಿ ಇದೇ ಪರೀಕ್ಷೆ ಮಾಡಬಹುದು.

ಒತ್ತಡ ಇಳಿಯಲು ಬೇರಿಂಗೇ ಕಾರಣವೆಂದು ತಿಳಿಯಬಾರದು. ಎಣ್ಣೆಯ ಮಟ್ಟ ಕಡಿಮೆಯಾಗಿರುವುದು, ಎಣ್ಣೆಗೆ ಡೀಸೆಲ್ ಅಥವಾ ಪೆಟ್ರೋಲ್ ಬೆರೆತು ತೆಳುವಾಗಿರುವುದು, ರಿಲೀಫ್ ವಾಲ್ವಿನಲ್ಲಿ ಕಸ ಸಿಕ್ಕಿರುವುದು, ಪಂಪ್ ಸವೆದಿರುವುದು, ಜಾಲರಿ ಕಟ್ಟಿರುವುದು ಇವೂ ಕಾರಣಗಳೇ. ಇವನ್ನು ಮೊದಲು ನೋಡಬೇಕು.

ಯಾವ ವಾಹನಕ್ಕೆ ಸಲ್ಲದು?

ಅಲ್ಯುಮಿನಿಯಮ್ ಬ್ಲಾಕಿನ ಅನೇಕ ಹೊಸ ಎಂಜಿನುಗಳಲ್ಲಿ ಮೇನ್ ಬೇರಿಂಗಿನ ಕ್ಯಾಪುಗಳು ಬಿಡಿಬಿಡಿಯಾಗಿರದೆ ಒಂದೇ ಚೌಕಟ್ಟಾಗಿರುತ್ತವೆ. ಅಲ್ಲಿ ಈ ವಿಧಾನ ನಡೆಯದು. ಕೆಲವು ಟ್ರ್ಯಾಕ್ಟರುಗಳಲ್ಲಿ ಎರಕದ ಚೇಂಬರೇ ಮುಂದಿನ ಆಕ್ಸಲಿಗೂ ಗೇರ್‌ಬಾಕ್ಸಿಗೂ ನಡುವೆ ಭಾರ ಹೊರುತ್ತದೆ. ಅದನ್ನು ಬಿಚ್ಚಿದರೆ ಟ್ರ್ಯಾಕ್ಟರು ನಡುವಿನಲ್ಲಿ ಕುಸಿಯಬಹುದು. ಅದು ಸಲಕರಣೆ ಇರುವ ವರ್ಕ್‌ಶಾಪಿನ ಕೆಲಸ.

ಮೊದಲು ಸುರಕ್ಷತೆ

ವಾಹನವನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಬೆಣೆ ಕೊಡಬೇಕು. ಮುಂಭಾಗವನ್ನು ಎತ್ತಿ ಚಾಸಿಯ ಕೆಳಗೆ ಕಬ್ಬಿಣದ ಸ್ಟ್ಯಾಂಡುಗಳನ್ನು ಇಡಬೇಕು. ಜಾಕಿನ ಮೇಲೆ ಮಾತ್ರ ನಿಂತ ವಾಹನದ ಕೆಳಗೆ ಯಾರೂ ಮಲಗಬಾರದು. ಜಾಕು ವಾಹನವನ್ನು ಎತ್ತುವ ಸಾಧನವೇ ಹೊರತು ಹಿಡಿದು ನಿಲ್ಲಿಸುವ ಸಾಧನವಲ್ಲ. ಇಟ್ಟಿಗೆ, ಸೈಜುಗಲ್ಲುಗಳು ಭಾರಕ್ಕೆ ಥಟ್ಟನೆ ಸೀಳುತ್ತವೆ, ಅವನ್ನು ಬಳಸಲೇಬಾರದು. ಬ್ಯಾಟರಿಯ ವೈರನ್ನು ಕಳಚಿಡಬೇಕು. ಇಲ್ಲವಾದರೆ ಯಾರಾದರೂ ಅರಿಯದೆ ಸ್ಟಾರ್ಟರ್ ಒತ್ತಿದಾಗ ಕೈಬೆರಳು ಹೋದೀತು.

ಬಿಗ್ ಎಂಡ್ ಬೇರಿಂಗುಗಳು

ಎಂಜಿನ್ ಬೆಚ್ಚಗಿರುವಾಗಲೇ ಎಣ್ಣೆಯನ್ನು ಇಳಿಸಿ, ಚೇಂಬರನ್ನು ಬಿಚ್ಚಬೇಕು. ಕೆಲವು ವಾಹನಗಳಲ್ಲಿ ಎಂಜಿನ್ ಮೌಂಟಿಂಗ್ ಸಡಿಲಿಸಿ ಎಂಜಿನನ್ನು ಸ್ವಲ್ಪ ಎತ್ತಿದರೆ ಮಾತ್ರ ಚೇಂಬರ್ ಹೊರಬರುತ್ತದೆ. ಪ್ಲಗ್ಗುಗಳನ್ನು ತೆಗೆದರೆ ಶಾಫ್ಟನ್ನು ಕೈಯಿಂದ ಸುಲಭವಾಗಿ ತಿರುಗಿಸಬಹುದು.

ಕೆಲಸ ಮಾಡುವ ಸಿಲಿಂಡರಿನ ಬಿಗ್ ಎಂಡ್ ಕೆಳಗೆ ಬರುವಂತೆ ಶಾಫ್ಟನ್ನು ತಿರುಗಿಸಬೇಕು. ಕ್ಯಾಪು ಮತ್ತು ರಾಡಿನ ಒಂದೇ ಬದಿಗೆ ಸಂಖ್ಯೆಯ ಗುರುತು ಇಲ್ಲದಿದ್ದರೆ ಹಾಕಿಕೊಳ್ಳಬೇಕು. ಕ್ಯಾಪುಗಳು ಅದಲುಬದಲಾಗಕೂಡದು, ತಿರುಗುಮುರುಗಾಗಕೂಡದು. ಕ್ಯಾಪನ್ನು ತೆಗೆದು, ರಾಡಿನ ಬೋಲ್ಟುಗಳಿಗೆ ರಬ್ಬರ್ ಕೊಳವೆಯ ತುಂಡುಗಳನ್ನು ತೊಡಿಸಿ, ರಾಡನ್ನು ಸ್ವಲ್ಪವೇ ಮೇಲಕ್ಕೆ ತಳ್ಳಿದರೆ ಮೇಲಿನ ಶೆಲ್ ಕೈಗೆ ಸಿಗುತ್ತದೆ. ಕೊಳವೆ ತೊಡಿಸದಿದ್ದರೆ ಬೋಲ್ಟಿನ ಮರೆ ತಾಗಿ ಶಾಫ್ಟಿನ ಮೇಲೆ ಗೀರು ಬೀಳುತ್ತದೆ.

ಮೇನ್ ಬೇರಿಂಗುಗಳು

ಇಲ್ಲಿ ಮುಖ್ಯ ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಕ್ಯಾಪನ್ನು ಬಿಚ್ಚಬೇಕು. ಎಲ್ಲವನ್ನೂ ಬಿಚ್ಚಿದರೆ ಶಾಫ್ಟ್ ಕೆಳಗೆ ಬೀಳುತ್ತದೆ. ಉಳಿದ ಕ್ಯಾಪುಗಳ ಬೋಲ್ಟುಗಳನ್ನು ಸ್ವಲ್ಪವೇ ಸಡಿಲಿಸಿ, ಫ್ಯಾನ್ ಬೆಲ್ಟನ್ನೂ ಸಡಿಲಗೊಳಿಸಿದರೆ ಶಾಫ್ಟ್ ಎಳೆಯಷ್ಟು ಕೆಳಗಿಳಿದು ಕೆಲಸ ಹಗುರಾಗುತ್ತದೆ.

ಮೇಲಿನ ಶೆಲ್ಲು ಬ್ಲಾಕಿಗೂ ಶಾಫ್ಟಿಗೂ ನಡುವೆ ಸಿಕ್ಕಿಕೊಂಡಿರುತ್ತದೆ. ಅದನ್ನು ಹೊರತೆಗೆಯಲು ಶಾಫ್ಟಿನ ಎಣ್ಣೆಯ ರಂಧ್ರವೇ ಸಾಧನ. ಒಂದು ಸ್ಪ್ಲಿಟ್ ಪಿನ್ನನ್ನು ತೆಗೆದುಕೊಂಡು, ಅದರ ತಲೆಯನ್ನು ಚಪ್ಪಟೆಯಾಗಿ ತಟ್ಟಿ, ಜರ್ನಲಿನ ಮೈಗೆ ಒರಗುವಂತೆ ಬಗ್ಗಿಸಬೇಕು. ತಲೆಯ ದಪ್ಪ ಶೆಲ್ಲಿನ ದಪ್ಪಕ್ಕಿಂತ ಕಡಿಮೆ ಇರಬೇಕು. ಪಿನ್ನಿನ ಕಾಲನ್ನು ಎಣ್ಣೆಯ ರಂಧ್ರಕ್ಕೆ ಇಳಿಸಿ ಶಾಫ್ಟನ್ನು ನಿಧಾನವಾಗಿ ತಿರುಗಿಸಿದರೆ, ತಲೆಯು ಶೆಲ್ಲಿನ ಅಂಚನ್ನು ತಳ್ಳಿ ಅದನ್ನು ಸುತ್ತಿಕೊಂಡು ಹೊರಗೆ ತರುತ್ತದೆ.

ತಿರುಗಿಸುವ ದಿಕ್ಕನ್ನು ತಪ್ಪದೆ ಗಮನಿಸಬೇಕು. ಶೆಲ್ಲಿನ ಒಂದು ತುದಿಯಲ್ಲಿರುವ ಚಿಕ್ಕ ನಾಲಗೆ ಬ್ಲಾಕಿನ ಕಚ್ಚಿನಲ್ಲಿ ಕುಳಿತಿರುತ್ತದೆ. ಪಿನ್ನು ನಾಲಗೆ ಇಲ್ಲದ ತುದಿಯನ್ನು ತಳ್ಳಬೇಕು. ಆಗ ನಾಲಗೆಯ ತುದಿ ಮುಂದಾಗಿ ಹೊರಬರುತ್ತದೆ. ವಿರುದ್ಧವಾಗಿ ತಿರುಗಿಸಿದರೆ ನಾಲಗೆ ಕಚ್ಚಿಗೆ ತಡೆದು ಶೆಲ್ ಬಗ್ಗುತ್ತದೆ.

ಹೊಸ ಶೆಲ್ಲನ್ನು ಇದೇ ದಾರಿಯಲ್ಲಿ ಹಿಂದಕ್ಕೆ ಕಳಿಸಬೇಕು. ಕಚ್ಚು ಇರುವ ಬದಿಯಿಂದ, ನಾಲಗೆ ಇಲ್ಲದ ತುದಿಯನ್ನು ಮೊದಲು ತೂರಿಸಿ, ಕೈಯಿಂದ ಆದಷ್ಟು ಒಳಗೆ ತಳ್ಳಬೇಕು. ಬಳಿಕ ಪಿನ್ನು ನಾಲಗೆಯ ತುದಿಗೆ ತಾಗುವಂತೆ ಇಟ್ಟು, ಶಾಫ್ಟನ್ನು ಹಿಮ್ಮುಖವಾಗಿ ತಿರುಗಿಸಿ ನಾಲಗೆಯನ್ನು ಕಚ್ಚಿನಲ್ಲಿ ಕೂರಿಸಬೇಕು. ಕೂಡಲೇ ಪಿನ್ನನ್ನು ಹೊರಗೆ ತೆಗೆಯಬೇಕು. ಒಳಗೇ ಮರೆತ ಪಿನ್ನು ಇಡೀ ಎಂಜಿನನ್ನು ಕೆಡಿಸುತ್ತದೆ. ಎಣ್ಣೆಯ ರಂಧ್ರವಿಲ್ಲದ ಜರ್ನಲ್ ಇದ್ದರೆ ತೆಳುವಾದ ಹಿತ್ತಾಳೆ ಪಟ್ಟಿಯಿಂದ ಮೆಲ್ಲಗೆ ತಟ್ಟಿ ಶೆಲ್ಲನ್ನು ಜರುಗಿಸಬೇಕಾಗುತ್ತದೆ.

ರಂಧ್ರವಿರುವ ಶೆಲ್ಲು ಬ್ಲಾಕಿನ ಕಡೆಗೇ ಬರಬೇಕು. ತಪ್ಪಿ ಕೆಳಗೆ ಹಾಕಿದರೆ ಎಣ್ಣೆಯ ದಾರಿ ಮುಚ್ಚಿ ನಿಮಿಷಗಳಲ್ಲಿ ಬೇರಿಂಗ್ ಸುಡುತ್ತದೆ. ಅಂಬಾಸಡರಿನ ಈ ಎಂಜಿನಿನಲ್ಲಿ ಶಾಫ್ಟಿನ ಹಿಂದುಮುಂದಿನ ಆಟವನ್ನು ತಡೆಯುವ ಥ್ರಸ್ಟ್ ವಾಷರುಗಳು ನಡುವಿನ ಬೇರಿಂಗಿನ ಎರಡೂ ಬದಿಗೆ ಇವೆ, ಅವುಗಳನ್ನೂ ಪರೀಕ್ಷಿಸಬೇಕು.

ಅಳತೆ ಮತ್ತು ಜೋಡಣೆ

ಹಳೆಯ ಶೆಲ್ಲಿನ ಬೆನ್ನಿನ ಮೇಲೆ ಸಾಮಾನ್ಯವಾಗಿ ಅದರ ಅಳತೆ ಒತ್ತಿರುತ್ತದೆ. ಶಾಫ್ಟನ್ನು ಹಿಂದೆ ಗ್ರೈಂಡಿಂಗ್ ಮಾಡಿಸಿದ್ದರೆ 0.25 ಅಥವಾ 0.50 ಮಿ.ಮೀ.ನಂತಹ ಅಂಡರ್‌ಸೈಜ್ ಅಂಕಿ ಇರುತ್ತದೆ. ಹಳೆಯ ಶೆಲ್ಲನ್ನು ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತರಬೇಕು.

ಬ್ಲಾಕು, ಕ್ಯಾಪು ಮತ್ತು ಶೆಲ್ಲಿನ ಬೆನ್ನನ್ನು ಶುಭ್ರವಾಗಿ ಒರೆಸಿ ಒಣಗಿಸಬೇಕು. ಅಲ್ಲಿ ಎಣ್ಣೆ ಹಚ್ಚಬಾರದು. ಒಳಮೈಗೆ ಮಾತ್ರ ಎಂಜಿನ್ ಎಣ್ಣೆ ಸವರಬೇಕು. ನೂಲು ಬಿಡುವ ವೇಸ್ಟಿಗಿಂತ ಒಗೆದ ಹತ್ತಿ ಬಟ್ಟೆ ಮೇಲು.

ಸಂದನ್ನು ಅಳೆಯಲು ಪ್ಲಾಸ್ಟಿಗೇಜ್ ಎಂಬ ಮೆದು ಎಳೆ ಸಿಗುತ್ತದೆ. ಎಣ್ಣೆ ಸವರುವ ಮೊದಲೇ, ಒರೆಸಿದ ಜರ್ನಲಿನ ಅಗಲಕ್ಕೆ ಅದರ ತುಂಡೊಂದನ್ನು ಇಟ್ಟು, ಕ್ಯಾಪನ್ನು ಪೂರ್ಣ ಬಿಗಿದು, ಶಾಫ್ಟನ್ನು ತಿರುಗಿಸದೆ ಮತ್ತೆ ಬಿಚ್ಚಿ, ಚಪ್ಪಟೆಯಾದ ಎಳೆಯ ಅಗಲವನ್ನು ಅದರೊಡನೆ ಬರುವ ಪಟ್ಟಿಯೊಂದಿಗೆ ಹೋಲಿಸಬೇಕು. ಎಂಜಿನ್ ವಾಹನದಲ್ಲಿಯೇ ಇರುವಾಗ ಶಾಫ್ಟಿನ ಭಾರ ಕೆಳಗಿನ ಶೆಲ್ಲಿನ ಮೇಲೆ ಬಿದ್ದು ಮೇನ್ ಬೇರಿಂಗಿನ ಅಳತೆ ತಪ್ಪುತ್ತದೆ. ಆದುದರಿಂದ ಪಕ್ಕದ ತೂಕದ ಭಾಗಕ್ಕೆ ಮರದ ತುಂಡು ಕೊಟ್ಟು ಚಿಕ್ಕ ಜಾಕಿನಿಂದ ಶಾಫ್ಟನ್ನು ಮೇಲಕ್ಕೆ ಒತ್ತಿ ಹಿಡಿದೇ ಅಳೆಯಬೇಕು.

ಬೋಲ್ಟುಗಳನ್ನು ತಯಾರಕರ ಪುಸ್ತಕದಲ್ಲಿ ಹೇಳಿದ ಬಿಗಿಗೆ ಟಾರ್ಕ್ ರೆಂಚಿನಿಂದ ಎರಡು ಮೂರು ಹಂತಗಳಲ್ಲಿ ಬಿಗಿಯಬೇಕು. ಪ್ರತಿ ಕ್ಯಾಪು ಬಿಗಿದ ಮೇಲೂ ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಬೇಕು. ಬಿಗಿ ಕಂಡರೆ ಅಲ್ಲಿಯೇ ನಿಂತು ಕಾರಣ ಹುಡುಕಬೇಕು. ಲಾಕ್ ವಾಷರುಗಳನ್ನೂ ಸ್ಪ್ಲಿಟ್ ಪಿನ್ನುಗಳನ್ನೂ ಹೊಸದಾಗಿಯೇ ಹಾಕಬೇಕು. ಕ್ಯಾಪನ್ನು ಅರದಿಂದ ಉಜ್ಜುವುದು, ಶೆಲ್ಲಿನ ಹಿಂದೆ ಕಾಗದ ಅಥವಾ ತಗಡಿನ ಚೂರು ಇಡುವುದು ಎಂದಿಗೂ ಸಲ್ಲದು.

ಹಳೆಯ ಶೆಲ್ಲು ಹೇಳುವ ಕತೆ

ತೆಗೆದ ಶೆಲ್ಲುಗಳನ್ನು ಎಸೆಯದೆ ಸಾಲಾಗಿ ಇಟ್ಟು ನೋಡಬೇಕು. ಸುತ್ತಲೂ ಗೀರುಗಳಿದ್ದರೆ ಧೂಳು ಒಳಹೊಕ್ಕಿದೆ ಎಂದರ್ಥ. ಏರ್ ಕ್ಲೀನರನ್ನು ನೋಡಬೇಕು. ಲೋಹ ಕರಗಿ ಬಳಿದಂತಿದ್ದರೆ ಎಣ್ಣೆ ತಲುಪಿಲ್ಲ. ಒಂದೇ ಅಂಚು ಸವೆದಿದ್ದರೆ ರಾಡ್ ಬಗ್ಗಿರಬಹುದು. ಪದರ ಚೂರುಚೂರಾಗಿ ಎದ್ದಿದ್ದರೆ ಅತಿಭಾರದಿಂದ ದಣಿದಿದೆ. ಕಾರಣವನ್ನು ಸರಿಪಡಿಸದೆ ಹೊಸ ಶೆಲ್ಲು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಶಾಫ್ಟಿನ ಮೇಲೆ ಉಗುರಿಗೆ ತಡೆಯುವ ಗೀರುಗಳಿದ್ದರೆ, ಸುಟ್ಟು ನೀಲಿ ಬಣ್ಣ ಬಂದಿದ್ದರೆ ಅಥವಾ ಮೈಕ್ರೋಮೀಟರಿನಲ್ಲಿ ಅಳೆದಾಗ ಜರ್ನಲ್ ಅಂಡಾಕಾರವಾಗಿದ್ದರೆ, ಎಂಜಿನನ್ನು ಇಳಿಸಿ ಶಾಫ್ಟನ್ನು ಗ್ರೈಂಡಿಂಗ್ ಮಾಡಿಸುವುದೇ ಸರಿ. ಅಂಥ ಶಾಫ್ಟಿಗೆ ಹೊಸ ಶೆಲ್ಲು ತೊಡಿಸುವುದು ಉಳಿತಾಯವಲ್ಲ. ವಾಹನ ಮಾರುವ ಮುನ್ನ ಹೀಗೆ, ಇಲ್ಲವೇ ಮಂದವಾದ ಎಣ್ಣೆ ಸುರಿದು, ಸದ್ದು ಅಡಗಿಸುವವರೂ ಇದ್ದಾರೆ. ಹಳೆಯ ವಾಹನ ಕೊಳ್ಳುವವರು ಎಂಜಿನ್ ಪೂರ್ತಿ ಬಿಸಿಯಾಗುವಂತೆ ಓಡಿಸಿ, ಒತ್ತಡ ನೋಡಿಯೇ ವ್ಯಾಪಾರ ಕುದುರಿಸಬೇಕು.

ಮರಳಿ ಓಡಿಸುವಾಗ

ಚೇಂಬರನ್ನು ತೊಳೆದು ಹೊಸ ಪ್ಯಾಕಿಂಗ್, ಹೊಸ ಫಿಲ್ಟರ್, ಹೊಸ ಎಣ್ಣೆ ಹಾಕಬೇಕು. ಪೆಟ್ರೋಲ್ ಎಂಜಿನಾದರೆ ಪ್ಲಗ್ಗುಗಳನ್ನು ಹಾಕದೆ, ಇಗ್ನಿಷನ್ ಕಾಯಿಲಿನ ಸಂಪರ್ಕ ತಪ್ಪಿಸಿ, ಗೇಜಿನಲ್ಲಿ ಒತ್ತಡ ಕಾಣುವವರೆಗೆ ಸ್ಟಾರ್ಟರಿನಿಂದ ತಿರುಗಿಸಬೇಕು. ಡೀಸೆಲ್ ಎಂಜಿನಾದರೆ ಇಂಧನವನ್ನು ನಿಲ್ಲಿಸಿ ತಿರುಗಿಸಬೇಕು. ಅನಂತರವೇ ಚಾಲೂ ಮಾಡಬೇಕು. ಮೊದಲ 500 ಕಿ.ಮೀ. ಭಾರ ಹೇರದೆ, ವೇಗ ಹೆಚ್ಚಿಸದೆ ಓಡಿಸಿ, ಬಳಿಕ ಎಣ್ಣೆಯನ್ನು ಮತ್ತೊಮ್ಮೆ ಬದಲಾಯಿಸುವುದು ಒಳ್ಳೆಯದು.

ಇಳಿಸಿದ ಹಳೆಯ ಎಣ್ಣೆಯನ್ನು ಬದು, ಕಾಲುವೆ, ಬಾವಿಯ ಬಳಿ ಚೆಲ್ಲಬಾರದು. ಅದು ನೀರನ್ನೂ ಮಣ್ಣನ್ನೂ ಕೆಡಿಸುತ್ತದೆ. ಡಬ್ಬದಲ್ಲಿ ತುಂಬಿಟ್ಟು ಹಳೆಯ ಎಣ್ಣೆ ಸಂಗ್ರಹಿಸುವವರಿಗೆ ಕೊಡಬೇಕು.

ಬೇರಿಂಗಿನ ಬಾಳಿಕೆ ನಿತ್ಯದ ಆರೈಕೆಯನ್ನು ಅವಲಂಬಿಸಿದೆ. ಬೆಳಿಗ್ಗೆ ಎಣ್ಣೆಯ ಮಟ್ಟ ನೋಡುವುದು, ಧೂಳಿನ ರಸ್ತೆಯಲ್ಲಿ ಓಡುವ ವಾಹನದ ಏರ್ ಕ್ಲೀನರನ್ನು ಮೇಲಿಂದ ಮೇಲೆ ಶುಚಿ ಮಾಡುವುದು, ಏರಿನಲ್ಲಿ ಎಂಜಿನ್ ತಿಣುಕುವ ಮೊದಲೇ ಗೇರ್ ಇಳಿಸುವುದು, ಇಷ್ಟನ್ನು ರೂಢಿಸಿಕೊಂಡ ರೈತರಿಗೆ ಚೇಂಬರ್ ಬಿಚ್ಚುವ ಪ್ರಸಂಗ ಅಪರೂಪವಾಗುತ್ತದೆ.