ಬೆಳಗಾವಿಯ ಚೌಗುಲೆ ಓಡಿದ ದೂರ

ಬೆಳಗಾವಿಯಿಂದ ಖಾನಾಪುರ ಸುಮಾರು 26 ಕಿಲೋಮೀಟರ್. ಬಸ್ಸಿನಲ್ಲಿ ಕುಳಿತರೆ ಒಂದು ಕಿರುನಿದ್ದೆಯ ದಾರಿ. ಅದೇ ದಾರಿಯನ್ನು ಓಡುತ್ತಲೇ ಕ್ರಮಿಸಿ, ಖಾನಾಪುರ ಮುಟ್ಟಿದೊಡನೆ ನಿಲ್ಲದೆ ಹಿಂತಿರುಗಿ, ಮಚ್ಛೆಯ ಆಸುಪಾಸಿನವರೆಗೂ ಓಡಿ ಬರುವುದನ್ನು ಊಹಿಸಿಕೊಳ್ಳಿ. 1920ರ ಆಗಸ್ಟ್ 22ರಂದು ಬೆಳಗಾವಿಯ ಯುವಕನೊಬ್ಬ ಓಡಿದ ದೂರ ಹೆಚ್ಚುಕಡಿಮೆ ಅಷ್ಟು. ಆದರೆ ಓಡಿದ್ದು ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದಲ್ಲಿ, ಒಲಿಂಪಿಕ್ ಕ್ರೀಡಾಕೂಟದ ಮ್ಯಾರಥಾನ್‌ನಲ್ಲಿ. ಆತನ ಹೆಸರು ಫಡೆಪ್ಪ ದರೆಪ್ಪ ಚೌಗುಲೆ. 1902ರಲ್ಲಿ ಜನಿಸಿದ ಆತನಿಗೆ ಆಗ ಹದಿನೆಂಟರ ಹರೆಯ.

1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ನಾರ್ಮನ್ ಪ್ರಿಚರ್ಡ್ ಎರಡು ಬೆಳ್ಳಿ ಪದಕ ಗೆದ್ದಿದ್ದರು. ಆದರೆ ಭಾರತದ ತಂಡವೊಂದು ಒಲಿಂಪಿಕ್ಸ್‌ಗೆ ಹೊರಟದ್ದು 1920ರಲ್ಲೇ. ಅದಕ್ಕೆ ಕಾರಣರಾದವರು ಪುಣೆಯ ಡೆಕ್ಕನ್ ಜಿಮಖಾನಾದ ಅಧ್ಯಕ್ಷರಾಗಿದ್ದ ಸರ್ ದೊರಾಬ್ಜಿ ಟಾಟಾ. ಅಲ್ಲಿನ ಕ್ರೀಡಾಕೂಟದಲ್ಲಿ ಹಳ್ಳಿಯ ಹುಡುಗರು ಬರಿಗಾಲಲ್ಲಿ ಓಡಿದ ವೇಗ ಅವರನ್ನು ಬೆರಗುಗೊಳಿಸಿತ್ತು.

ಆ ದಿನಗಳ ಅರಿವು ಎಷ್ಟಿತ್ತೆಂಬುದಕ್ಕೆ ಒಂದು ಪ್ರಸಂಗವಿದೆ. ನೂರು ಮೀಟರ್ ಓಟಕ್ಕೆ ಎಷ್ಟು ಸಮಯ ಹಿಡಿದರೆ ಒಲಿಂಪಿಕ್ಸ್‌ಗೆ ಅರ್ಹತೆ ಬಂದೀತು ಎಂದು ಟಾಟಾ ಕೇಳಿದರಂತೆ. ಸಮಿತಿಯ ಪ್ರಮುಖರೊಬ್ಬರ ಉತ್ತರ ನಿಮಿಷಗಳಲ್ಲಿತ್ತು! ಅಲ್ಲಿ ಲೆಕ್ಕ ನಿಮಿಷಗಳದ್ದಲ್ಲ, ಸೆಕೆಂಡುಗಳದ್ದು ಎಂದು ಟಾಟಾ ತಿಳಿಸಿ ಹೇಳಬೇಕಾಯಿತು. ಇಂಥ ವಾತಾವರಣದಿಂದ ಪುಣೆಯ ಆಯ್ಕೆಯಲ್ಲಿ ಗೆದ್ದು ಬೆಳಗಾವಿಯ ಹುಡುಗ ಹಡಗು ಹತ್ತಿದ. ವೇಗದ ಓಟಕ್ಕೆ ಪುರ್ಮಾ ಬ್ಯಾನರ್ಜಿ, ಮ್ಯಾರಥಾನ್‌ಗೆ ಚೌಗುಲೆಯ ಜೊತೆ ಸದಾಶಿವ ದಾತಾರ್ ಇದ್ದರು.

ಮ್ಯಾರಥಾನ್ ದೂರ ಇಂದು 42.195 ಕಿಲೋಮೀಟರ್. ಈ ಅಳತೆ ನಿಗದಿಯಾದದ್ದು 1921ರಲ್ಲಿ. ಆಂಟ್‌ವರ್ಪ್‌ನ ದಾರಿ 42.75 ಕಿಲೋಮೀಟರ್ ಇತ್ತು. ಅಂದರೆ ಅರ್ಧ ಕಿಲೋಮೀಟರಿಗೂ ಮಿಕ್ಕಿ ಹೆಚ್ಚು. ಫಿನ್ಲೆಂಡಿನ ಹಾನೆಸ್ ಕೋಲೆಹ್ಮೈನೆನ್ 2 ಗಂಟೆ 32 ನಿಮಿಷ 35.8 ಸೆಕೆಂಡಿನಲ್ಲಿ ಗೆದ್ದರು. ದಾತಾರ್‌ಗೆ ಓಟ ಪೂರೈಸಲಾಗಲಿಲ್ಲ. ಚೌಗುಲೆ 2 ಗಂಟೆ 50 ನಿಮಿಷ 45.4 ಸೆಕೆಂಡಿನಲ್ಲಿ ಗುರಿ ಮುಟ್ಟಿ 19ನೆಯ ಸ್ಥಾನ ಪಡೆದರು. ಒಲಿಂಪಿಕ್ ಮ್ಯಾರಥಾನನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯ ಅವರು.

ವಿದ್ಯಾರ್ಥಿಗಳು ಕಾಗದ, ಪೆನ್ಸಿಲ್ ತೆಗೆದುಕೊಂಡು ಈ ಲೆಕ್ಕ ಮಾಡಿ ನೋಡಬಹುದು. ಚೌಗುಲೆಯ ಸಮಯವನ್ನು ದೂರದಿಂದ ಭಾಗಿಸಿದರೆ ಕಿಲೋಮೀಟರಿಗೆ ನಾಲ್ಕು ನಿಮಿಷ, ಅಂದರೆ ನೂರು ಮೀಟರಿಗೆ 24 ಸೆಕೆಂಡು. ಶಾಲೆಯ ಮೈದಾನದಲ್ಲಿ ಒಮ್ಮೆ ನೂರು ಮೀಟರನ್ನು 24 ಸೆಕೆಂಡಿನಲ್ಲಿ ಓಡುವುದು ಕಷ್ಟವಲ್ಲ. ಅದನ್ನು ಎಡೆಬಿಡದೆ 427 ಬಾರಿ ಓಡಬೇಕು!

ನೂರು ಮೀಟರ್ ಓಟಗಾರನಿಗೆ ಸ್ನಾಯುಗಳಲ್ಲಿ ಮೊದಲೇ ಸಿದ್ಧವಿರುವ ಶಕ್ತಿಯೇ ಬಹುಮಟ್ಟಿಗೆ ಸಾಕು. ದೂರದ ಓಟಗಾರ ಹಾಗಲ್ಲ. ಉಸಿರಾಡಿದ ಆಮ್ಲಜನಕದಿಂದ ಗ್ಲೈಕೋಜನ್ ಮತ್ತು ಕೊಬ್ಬನ್ನು ಉರಿಸುತ್ತಲೇ ಸಾಗಬೇಕು. ಸುಮಾರು 30 ಕಿಲೋಮೀಟರ್ ದಾಟುವ ಹೊತ್ತಿಗೆ ಗ್ಲೈಕೋಜನ್ ಬರಿದಾಗತೊಡಗಿ ಕಾಲುಗಳು ಕಲ್ಲಾಗುತ್ತವೆ. ಖಾನಾಪುರದ ಲೆಕ್ಕದಲ್ಲಿ ಹೇಳುವುದಾದರೆ, ಆ ಘಟ್ಟ ಬರುವುದು ಊರಿನತ್ತ ತಿರುಗಿದ ಮೇಲೆ. ಅಲ್ಲಿಂದ ಮುಂದಿನದಕ್ಕೆ ವರ್ಷಗಳ ಅಭ್ಯಾಸವೂ ಮನಸ್ಸಿನ ಗಟ್ಟಿತನವೂ ಬೇಕು.

1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಸ್ಥಾಪನೆಯಾಗಿ ಟಾಟಾ ಅವರೇ ಮೊದಲ ಅಧ್ಯಕ್ಷರಾದರು. ಮುಂದಿನ ಓಟಗಾರರಿಗೆ ದಾರಿ ತೆರೆಯಿತು. ಆ ದಾರಿಯನ್ನು ಮೊದಲು ತುಳಿದ ಬೆಳಗಾವಿಯ ಹುಡುಗನ ಹೆಸರು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು?

ಅಂಕಪಟ್ಟಿಯಲ್ಲಿ ಹತ್ತೊಂಬತ್ತನೆಯ ಸ್ಥಾನ ಕಂಡರೆ ಮುಖ ಸಣ್ಣದು ಮಾಡಿಕೊಳ್ಳುವ ತಂದೆ ತಾಯಿಗಳು ಚೌಗುಲೆಯ ಆ ಹತ್ತೊಂಬತ್ತನ್ನೊಮ್ಮೆ ನೆನೆಯಲಿ. ಮುಂದಿನ ಬಾರಿ ಖಾನಾಪುರದ ಬಸ್ಸಿನಲ್ಲಿ ಕುಳಿತಾಗ, ನಿದ್ದೆ ಹತ್ತುವ ಮುನ್ನ, ಕಿಟಕಿಯಾಚೆಯ ಕಿಲೋಮೀಟರ್ ಕಲ್ಲುಗಳನ್ನು ಮಕ್ಕಳ ಜೊತೆ ಎಣಿಸಿ ನೋಡಲಿ.